ಎರಡೂ ಒಂದೇ ಸೆನ್ಸರ್, ಕಲಬುರಗಿದಾಗ 452 ಬೀದರ್‌ದಾಗ 411, ಯಾವುದು ಖರೆ?

ತೊಗರಿ_ಕಣಜ (ಕಲಬುರಗಿ):
ತಲಿ ಕೆಟ್ಟು ಮೊಸರಗಡಗಿ ಆಗ್ಯದ ರೀ, ಯಾರರ ಹೇಳ್ರಿ. ಎರಡು ಸಿಒ2 ಮೀಟರ್ ಕಟ್ಟೀನಿ, ಎರಡೂ ಒಂದೇ ಆರ್ಡರ್‌ನಾಗ ಬಂದಿದ್ದು, ಅದೇ ಸೆನ್ಸರ್ ಅದೇ ಬೋರ್ಡ್ ಅದೇ ಡಬ್ಬಿ. ಒಂದು ಇಲ್ಲೇ ನಮ್ಮನಿ ಮಾಳಗಿ ಮ್ಯಾಲ, ಇನ್ನೊಂದು ಬೀದರ್‌ದಾಗ ನಮ್ಮ ಸೋದರಮಾವನ ಮನಿ ಮಾಳಗಿ ಮ್ಯಾಲ. ಮಧ್ಯಾಹ್ನ ಇಲ್ಲಿ 452 ಪಿಪಿಎಂ (ಅಂದ್ರ ಗಾಳಿಯ ಹತ್ತು ಲಕ್ಷ ಕಣದಾಗ 452 ಸಿಒ2) ತೋರಸ್ತದ, ಅಲ್ಲಿ 411. ಹದಿನೈದು ದಿನದಿಂದ ಹಿಂಗೇ. ಬೀದರ್‌ದು ದಿನಾ ಒಮ್ಮೆರ 400ಕ್ಕ ಮುಟ್ಟಿ ಬರ್ತದ, ಕರೆಕ್ಟ್ 400, ಅಂದ್ರ ಅದು ಬರಾಬರ್ ಅದ ಅಂತ ನನ್ನ ಲೆಕ್ಕ, ಇಲ್ಲಿದ್ದೇ ಖರಾಬ್ ಆಗ್ಯದ. ಸೆನ್ಸರ್ ಬದಲಿ ಮಾಡ್ಬೇಕಾ ಇಲ್ಲಾ ಕೋಡ್‌ನಾಗ 41 ಕಳದ್ರ ನಡಿತದಾ? ಜಲ್ದಿ ಹೇಳ್ರಿ, ಸಾಲಿ ಹುಡುಗ್ರಿಗಿ ತೋರಸ್ತೀನಿ ಅಂತ ಹೆಡ್‌ಮಾಸ್ತರಗ ಮಾತು ಕೊಟ್ಟು ಕುಂತೀನಿ.

ಯಾದಗಿರಿ_ವೈರ್‌ಮನ್:
ಹ್ಯೂಮಿಡಿಟಿ. ನೂರಕ್ಕ ನೂರು ಹ್ಯೂಮಿಡಿಟಿ. ಡಬ್ಬಿ ಒಳಗ ಸಿಲಿಕಾ ಜೆಲ್ ಹಾಕ್ರಿ, ಬೂಟಿನ ಡಬ್ಬಿದಾಗ ಬರ್ತದಲ್ಲ ಆ ಪುಡಿಕಿ. ನನ್ನ ಧೂಳಿನ ಮೀಟರ್‌ಗೆ ಇದೇ ಆಗಿತ್ತು, ಎರಡು ಪುಡಿಕಿ ಹಾಕಿದೆ ಸುಮ್ನಾಯ್ತು.

ಬೋರ್ಡ್_ಬೆಂಗ್ಳೂರು:
ಯಾವ ಸೆನ್ಸರ್ ಅಂತಾನೇ ಹೇಳಿಲ್ವಲ್ಲ ಗುರು. ಸಪ್ಲೈ ಎಷ್ಟು? ಮೊಬೈಲ್ ಚಾರ್ಜರ್ ಹಾಕಿದ್ರೆ 5 ವೋಲ್ಟ್ ಅಂತ ಬರ್ದಿರುತ್ತೆ, ಸೆನ್ಸರ್ ಒಳಗಿನ ದೀಪ ಹೊತ್ತಿದ ಕ್ಷಣ ಕೆಳಗೆ ಬೀಳುತ್ತೆ. ನಂದು ಬಾಲ್ಕನಿಲಿ ಆರು ನೋಡ್ ಇದೆ, ಒಂದೊಂದಕ್ಕೂ ಬೇರೆ ಬೇರೆ ರೆಗ್ಯುಲೇಟರ್, ರಾಸ್ಪ್‌ಬೆರಿ ಪೈ ಮೇಲೆ ಗ್ರಾಫು, ಮೂರು ವರ್ಷದ ಡೇಟಾ, ಒಂದು ನಿಮಿಷ ಮಿಸ್ ಆಗಿಲ್ಲ.

ತೊಗರಿ_ಕಣಜ:
ಸೆನ್ಸರ್ ಎಂಎಚ್-ಝಡ್19ಬಿ ರೀ, ಎಲ್ರೂ ಅದೇ ಹಚ್ತಾರಲ್ಲ ಅಂತ ಹೇಳಲಿಲ್ಲ. ಮೀಟರ್ ಹಚ್ಚಿ ನೋಡೀನಿ, 4.9 ಮ್ಯಾಲೇ ಅದ. ವೈರ್‌ಮನ್ ಅಣ್ಣಾರ, ಈಗ ಜನವರಿ, ಇಲ್ಲಿ ತುಟಿ ಒಡಿಲಕತ್ತಾವ, ಹಸಿ ಎಲ್ಲಿಂದ ಬರಬೇಕು?

ಯಾದಗಿರಿ_ವೈರ್‌ಮನ್:
ಬೆಳಗಿನ ಜಾವ ಮಂಜು ಬೀಳ್ತದಲ್ಲ. ಪುಡಿಕಿ ಹಾಕಿ ನೋಡ್ರಿ ಮೊದಲ.

ಕ್ವಾಟಿ_ಬೀದರ್:
ಎದಕ್ಕ ತಲಿ ಕೆಡಿಸ್ಕೊಳ್ಳತ್ತೀರಿ, ಎರಡೂ ಬರಾಬರ್ ಅವ. ನಮ್ಮ ಊರು ಎತ್ತರದಾಗ ಅದ, ಗಾಳಿ ಸಾಫ್ ಅದ, ನಿಮ್ಮ ಕಲಬುರಗಿದಾಗ ದಾಲ್ ಮಿಲ್, ಆಟೋ, ಧೂಳು. 41 ಅಲ್ಲ 100 ಫರಕ್ ಬಂದ್ರೂ ನಾ ನಂಬ್ತೀನಿ 😄

ಬೋರ್ಡ್_ಬೆಂಗ್ಳೂರು:
ಬೀದರ್‌ನಲ್ಲಿ ಏರ್‌ಫೋರ್ಸ್ ಸ್ಟೇಷನ್ ಇದೆಯಲ್ಲ, ಸೂರ್ಯಕಿರಣ ಕಸರತ್ತು ತಂಡದ ವಿಮಾನಗಳು ಅಲ್ಲೇ ತಾನೇ, ಹಂಗಾದ್ರೆ ಅಲ್ಲಿ ಜಾಸ್ತಿ ಬರ್ಬೇಕಿತ್ತು.

ಕ್ವಾಟಿ_ಬೀದರ್:
ವಿಮಾನ ಮ್ಯಾಲ ಹಾರತಾವ ಸರ್, ಮಾವನ ಮಾಳಗಿ ಮ್ಯಾಲ ನಿಲ್ಲಲ್ಲ.

ಮೀಟರ್_ಕಾಕಾ:
ತಮ್ಮಾ ಕಣಜ, ಒಂದು ಮಾತು ಕೇಳ್ತೀನಿ. ಎಬಿಸಿ ಬಂದ್ ಮಾಡೀದಿ ಏನು? ಎರಡರಾಗೂ?

ತೊಗರಿ_ಕಣಜ:
ಎಬಿಸಿ ಅಂದ್ರ ಆ ಆಟೋ ಕ್ಯಾಲಿಬ್ರೇಶನ್ ಏನ್ರಿ ಕಾಕಾ? ಇಲ್ಲಿದ್ದ್ರಾಗ ಆಫ್ ಕಮಾಂಡ್ ಹಾಕೀನಿ. ಬೀದರ್‌ದು ದೀಪಾವಳಿಗೆ ಒಯ್ದು ಹಚ್ಚಿದ್ದು, ಆಗ ಹಳೆ ಕೋಡ್ ಇತ್ತು, ಅದರಾಗ ಹಾಕಿಲ್ಲ ಅನಸ್ತದ. ಆದ್ರ ಅದೇ ಬರಾಬರ್ ತೋರಸ್ಲಕತ್ತದಲ್ಲ, ದಿನಾ 400?

ಮೀಟರ್_ಕಾಕಾ:
ಅಲ್ಲೇ ಹುಳುಕು ಇರೋದು. ಆ ಎಬಿಸಿ ಏನ್ ಮಾಡ್ತದ ಅಂದ್ರ 24 ತಾಸಿನ್ಯಾಗ ಎಲ್ಲಕ್ಕಿಂತ ಕಮ್ಮಿ ಯಾವುದು ಬಂತೋ ಅದೇ 400 ಅಂತ ತಿಳ್ಕೊಂಡು ಉಳಿದಿದ್ದೆಲ್ಲ ಅದಕ್ಕ ಎಳಕೊಂಡು ಬರ್ತದ. ರಾತ್ರಿ ಖಾಲಿ ಬೀಳೋ ಆಫೀಸು, ಕ್ಲಾಸ್‌ರೂಮಿಗೆ ಮಾಡಿದ್ದು ಅದು, ಅಲ್ಲಿ ನಡಿತದ. ಹೊರಗಿನ ಗಾಳಿ ಅಳಿಲಕ್ಕ ಅದನ್ನ ಬಿಟ್ಟ್ರ ಪರೀಕ್ಷಾ ಬರದ ಹುಡುಗನ ಕೈಯಾಗೇ ಪೇಪರ್ ತಿದ್ದಲಕ್ಕ ಕೊಟ್ಟಂಗ. 400 ಬರ್ಲೇಬೇಕು, ಯಾಕಂದ್ರ ಅದಕ್ಕ 400 ಅಂತಲೇ ಹೇಳಿಟ್ಟದ.

ಮತ್ತ ಈಗ ಹೊರಗಿನ ಗಾಳಿದಾಗ 400 ಎಲ್ಲದ? ಹವಾಯಿದ ಮೌನಾ ಲೋವಾ ಗುಡ್ಡದ ಸ್ಟೇಷನ್‌ದಾಗ ಕೀಲಿಂಗ್ ಅನ್ನೋ ವಿಜ್ಞಾನಿ 1958ರಾಗ ಸಿಒ2 ಅಳಿಲಕ್ಕ ಶುರು ಮಾಡಿದಾಗ 313ರ ಸುತ್ತಮುತ್ತ ಇತ್ತು, ದಿನದ ಸರಾಸರಿ 400 ಮೊದಲ ಸಲ ದಾಟಿದ್ದು 2013ರ ಮೇ ತಿಂಗಳದಾಗ, 2024ರ ವರ್ಷದ ಸರಾಸರಿ 424.6. ಬೀದರ್‌ದಾಗ ದಿನಾ 400 ಸಿಗಲಕತ್ತದಂದ್ರ ಇಡೀ ದುನಿಯಾ ಸುಳ್ಳು, ನಿಮ್ಮ ಮಾವನ ಮಾಳಗಿ ಒಂದೇ ಖರೆ ಅನ್ನಬೇಕಾಗ್ತದ.

ತೊಗರಿ_ಕಣಜ:
ಹಂಗಾರ ಇಲ್ಲಿದ್ದು ಖರೆ!! 452 ಬರಾಬರ್. ದೇವ್ರು ದೊಡ್ಡಾಂವ.

ಮೀಟರ್_ಕಾಕಾ:
ಏ ತಡಿಯಪ್ಪ. ಬೀದರ್‌ದು ತಪ್ಪು ಅಂದ ಕೂಡ್ಲೇ ನಿಂದು ಖರೆ ಹ್ಯಾಂಗ ಆಯ್ತು? ಡಾಟಾಶೀಟ್ ನೋಡು, ±50 ಪಿಪಿಎಂ ಹೆಚ್ಚುಕಮ್ಮಿ ಇರಬಹುದು ಅಂತದ, ಅದರ ಮ್ಯಾಲ ರೀಡಿಂಗಿನ ಪರ್ಸೆಂಟ್ ಬ್ಯಾರೆ. ನಿನ್ನ 41 ಅದರ ಒಳಗೇ ಮುಳುಗಿ ಹೋಗ್ತದ.

ಯಾದಗಿರಿ_ವೈರ್‌ಮನ್:
ಹ್ಯೂಮಿಡಿಟಿ ಬಗ್ಗೆ ಯಾರೂ ಮಾತಾಡವಲ್ರು.

ಮೀಟರ್_ಕಾಕಾ:
ಮಾತಾಡ್ತೀನಿ ವೈರ್‌ಮನ್ನಾರ, ನಿಮ್ಮ ಮಾತು ಪೂರಾ ತಪ್ಪಲ್ಲ. ನೀರಿನ ಆವಿ ಜಾಗ ತಿಂತದ. ಮಳಿಗಾಲದಾಗ ಗಾಳಿದಾಗ ಶೇ. 3 ಆವಿ ಇತ್ತಂದ್ರ ಒಣಗಾಳಿದಾಗ 420 ಇರೋದು 407ಕ್ಕ ಇಳಿತದ. ಅದಕ್ಕೇ ದೊಡ್ಡ ಸ್ಟೇಷನ್‌ಗಳೊಳಗ ಗಾಳಿ ಒಣಗಿಸಿ ಅಳಿತಾರ, ಇಲ್ಲಾ ಆವಿನೂ ಅಳದು ಲೆಕ್ಕದಾಗ ತಗಿತಾರ, ಲೆಕ್ಕ ಎಲ್ಲಾ ಒಣಗಾಳಿದೇ. ಆದ್ರ ಜನವರಿದಾಗ ಎರಡೂ ಊರು ಒಣ, ಎರಡೂ ಕಡೆ ಒಂದೇ ಥರ ತಿಂತದ. 41 ಅದರಿಂದ ಬರಲ್ಲ. ಮತ್ತ ಡಬ್ಬಿ ಗಾಳಿಗೆ ತೆರದಿಟ್ಟು ಪುಡಿಕಿ ಹಾಕೋದಂದ್ರ ಕಿಡಕಿ ತೆರದು ಏಸಿ ಹಚ್ಚಿದಂಗ.

ಬದಲಿ, ಎತ್ತರ ನೋಡ್ರಿ. ಕಲಬುರಗಿ 454 ಮೀಟರ್, ಬೀದರ್ 700ರ ಸನೇ. ಈ ಸೆನ್ಸರ್ ಬೆಳಕಿನ ದಾರಿದಾಗ ಎಷ್ಟು ಕಣ ಅವ ಅಂತ ಎಣಿಸ್ತದ, ಗಾಳಿಯೊಳಗ ಎಷ್ಟು ಪಾಲು ಅದ ಅಂತ ಅಲ್ಲ. ಒತ್ತಡ ಶೇ. 3 ಕಮ್ಮಿ ಆದ್ರ ಕಣಾನೂ ಶೇ. 3 ಕಮ್ಮಿ, ಅಂದ್ರ 12-13 ಪಿಪಿಎಂ ಅಲ್ಲೇ ಹೋಯ್ತು. ಕ್ವಾಟಿಯವ್ರು "ಎತ್ತರದಾಗ ಅದ" ಅಂದಿದ್ದು ಖರೆ, ಕಾರಣ ಮಾತ್ರ ಸಾಫ್ ಗಾಳಿ ಅಲ್ಲ.

ಕ್ವಾಟಿ_ಬೀದರ್:
ಸಾಫ್ ಅಂತೂ ಅದ.

ಬೋರ್ಡ್_ಬೆಂಗ್ಳೂರು:
ಇಷ್ಟೆಲ್ಲ ಯಾಕೆ, ನನ್ನ ಥರ ಆರು ಸೆನ್ಸರ್ ಹಾಕಿ ಸರಾಸರಿ ತಗೊಳ್ಳಿ, ಔಟ್‌ಲೈಯರ್ (ಗುಂಪಿಗೆ ಸೇರದ ರೀಡಿಂಗ್) ಕಿತ್ತು ಬಿಸಾಕಿ, ಮುಗೀತು.

ತೊಗರಿ_ಕಣಜ:
ಬಿಸಾಕೋದು ನಾನೂ ಮಾಡೀನಿ ಸರ್, 500 ಮ್ಯಾಲ ಬಂದ್ರ ನನ್ನ ಹೊಸ ಕೋಡ್ ಅದನ್ನ ಸೇವ್ ಮಾಡಲ್ಲ. ರಾತ್ರಿ ಸುಮ್ಮ ಸುಮ್ಮನೇ 520, 540 ಬರ್ತಿತ್ತು.

ಮೀಟರ್_ಕಾಕಾ:
ಅಯ್ಯೋ ತಮ್ಮಾ, ಇದನ್ನ ಮೂರು ದಿನ ಆದ ಮ್ಯಾಲ ಹೇಳ್ತೀಯಲ್ಲೋ. ಅದು ಸುಮ್ಮ ಬಂದಿದ್ದಲ್ಲ. ಚಳಿಗಾಲದ ರಾತ್ರಿ ಗಾಳಿ ಅಲುಗಾಡಲ್ಲ, ನೆಲದ ಸನೇ ತಂಪು, ಮ್ಯಾಲ ಬೆಚ್ಚಗ, ಮುಚ್ಚಳ ಮುಚ್ಚಿದಂಗ. ಮಣ್ಣು, ಗಿಡ, ಮಂದಿ ಬಿಟ್ಟ ಉಸುರು, ತೊಗರಿ ಕಟ್ಟಿಗಿ ಒಲಿ ಹೊಗಿ ಎಲ್ಲ ಕೆಳಗೇ ಕುಂದರ್ತದ. 540 ಖರೆನೂ ಇರಬಹುದು. ಬಿಸಿಲು ಏರಿದ ಮ್ಯಾಲ ಗಾಳಿ ಮಗುಚಿ ಕೂಡ್ತದ, ಅದಕ್ಕೇ ಬಯಲ ಸೀಮಿ ಸ್ಟೇಷನ್‌ದಾಗ ದೂರದ ಗಾಳಿ ಹ್ಯಾಂಗದ ಅಂತ ನೋಡಲಕ್ಕ ಮಧ್ಯಾಹ್ನದ ಡೇಟಾ ಆರಿಸ್ತಾರ. ಮೌನಾ ಲೋವಾದಂಥ ಗುಡ್ಡದ ಮ್ಯಾಲ ಉಲ್ಟಾ, ರಾತ್ರಿ ಮ್ಯಾಲಿಂದ ಇಳಿಯೋ ಗಾಳಿ ಆರಿಸ್ತಾರ. ಆರಿಸ್ತಾರ ಅಂದೆ, ಅಳಸ್ತಾರ ಅನ್ನಲಿಲ್ಲ. ಉಳಿದಿದ್ದಕ್ಕ ಗುರ್ತು ಹಾಕಿ ಇಟ್ಕೋತಾರ.

ಬೋರ್ಡ್_ಬೆಂಗ್ಳೂರು:
ನಾಸಾದವರೇ ಡಿಲೀಟ್ ಮಾಡಿದ್ರಲ್ಲ ಓಝೋನ್ ರಂಧ್ರ, ಅವರ ಸಾಫ್ಟ್‌ವೇರ್ ಕಮ್ಮಿ ಬಂದಿದ್ದೆಲ್ಲ ಬಿಸಾಕಿತ್ತಂತೆ.

ಮೀಟರ್_ಕಾಕಾ:
ಎಲ್ರೂ ಹಂಗೇ ಹೇಳ್ತಾರ, ಆದ್ರ ಬಿಸಾಕಿರಲಿಲ್ಲ ಸರ್. 180 ಡಾಬ್ಸನ್ ಯೂನಿಟ್‌ಗಿಂತ (ಓಝೋನ್ ಅಳಿಯೋ ಮಾನ ಅದು) ಕೆಳಗ ಬಂದಿದ್ದಕ್ಕ ಅನುಮಾನ ಅಂತ ಗುರ್ತು ಬಿದ್ದಿತ್ತು ಅಷ್ಟೇ, ಡೇಟಾ ಇತ್ತು. 1985ರಾಗ ಅಂಟಾರ್ಕ್ಟಿಕಾದ ಹ್ಯಾಲಿ ಸ್ಟೇಷನ್ನಿನ ಡಾಬ್ಸನ್ ಯಂತ್ರದ ಲೆಕ್ಕ ಹಿಡ್ಕೊಂಡು ಫಾರ್ಮನ್ ಮತ್ತ ಅವರ ಜೊತಿಗಾರರು ಪೇಪರ್ ತಂದ್ರು, ನಾಸಾದವರು ಗುರ್ತು ಹಾಕಿಟ್ಟಿದ್ದನ್ನೇ ಇಟ್ಕೊಂಡು ಇಡೀ ಅಂಟಾರ್ಕ್ಟಿಕಾದ ನಕ್ಷೆ ತಗದ್ರು. ಅಳಸಿದ್ರ ಎಲ್ಲಿಂದ ತಗಿತಿದ್ರು? ಕಣಜ, ಆ 500ರ ಸಾಲು ಇವತ್ತೇ ಕಿತ್ತಾಕು.

ಬೋರ್ಡ್_ಬೆಂಗ್ಳೂರು:
ಸರಿ ಸರ್, ಆದ್ರೂ ಆರು ಸೆನ್ಸರ್ ಸರಾಸರಿ ಒಂದಕ್ಕಿಂತ ಬೆಟರ್ ಅಲ್ವಾ.

ಮೀಟರ್_ಕಾಕಾ:
ಆರೂ ಒಂದೇ ಕಡಿ ವಾಲಿದ್ರ ಸರಾಸರಿನೂ ಅದೇ ಕಡಿ ವಾಲ್ತದ. ನಿಮ್ಮ ಆರರಾಗ ಎಬಿಸಿ ಬಂದ್ ಅದನೋ ಇಲ್ಲೋ ಹೇಳ್ರಿ ಮೊದಲ.

(ಬೋರ್ಡ್‌ನವರು ಇದಕ್ಕ ಉತ್ತರ ಕೊಡಲಿಲ್ಲ ಅಂತ ನಾ ಗುರ್ತು ಹಾಕ್ಲಕತ್ತೀನಿ 😄 - ಕ್ವಾಟಿ_ಬೀದರ್)

ತೊಗರಿ_ಕಣಜ:
ಕಾಕಾ, ಹಂಗಾರ ದೊಡ್ಡ ದೊಡ್ಡ ಸ್ಟೇಷನ್‌ನವ್ರಿಗೆ ತಮ್ದು ಖರೆ ಅಂತ ಹ್ಯಾಂಗ ಗೊತ್ತಾಗ್ತದ?

ಮೀಟರ್_ಕಾಕಾ:
ನಾ ಒಂದು ಲ್ಯಾಬಿನಾಗ ಸಿಲಿಂಡರ್ ಕಾಯ್ಕೋತ ನೌಕರಿ ಮುಗಿಸಿದಾಂವ, ಅದಕ್ಕ ಇದು ನನ್ನ ಹುಚ್ಚು, ಉದ್ದ ಆದ್ರ ಬೈಬ್ಯಾಡ್ರಿ. ವಿಶ್ವ ಹವಾಮಾನ ಸಂಸ್ಥೆ 1989ರಾಗ ಗ್ಲೋಬಲ್ ಅಟ್ಮಾಸ್ಫಿಯರ್ ವಾಚ್ ಅಂತ ಶುರು ಮಾಡ್ತು, ಜಗತ್ತಿನ ಸ್ಟೇಷನ್‌ಗಳೆಲ್ಲ ಒಂದೇ ಅಳತಿ ಹಿಡಿಬೇಕು ಅಂತ. ಸಿಒ2 ಅಳತಿಯ ಮೂಲ ಅಮೆರಿಕಾದ ಬೋಲ್ಡರ್ ಊರಾಗ ನೋವಾದವರ (ಅಲ್ಲಿನ ಸರಕಾರದ ಸಾಗರ-ಹವಾಮಾನ ಸಂಸ್ಥೆ) ಲ್ಯಾಬಿನಾಗ ಅದ, ಗಾಳಿ ತುಂಬಿದ ಒಂದು ಗುಂಪು ಸಿಲಿಂಡರ್, ಅವನ್ನ ಒತ್ತಡ, ಉಷ್ಣ, ಗಾತ್ರ ಅಳದು ನಿಕ್ಕಿ ಮಾಡಿಟ್ಟಾರ. ಅದರಿಂದ ಇನ್ನೊಂದು ಸಿಲಿಂಡರಿಗೆ, ಅದರಿಂದ ಮತ್ತೊಂದಕ್ಕ, ಹಿಂಗ ಸರಪಳಿ ಸ್ಟೇಷನ್ ತನಕ ಬರ್ತದ. ನಮ್ಮ ಸಂತಿದಾಗ ಸೇರು ತಕ್ಕಡಿಗೆ ಮುದ್ರಿ ಹಾಕಿಸ್ಕೊಂಡು ಬರ್ತಾರಲ್ಲ, ಹಂಗೇ. ಉತ್ತರ ಗೋಳದಾಗ ಎರಡು ಸ್ಟೇಷನ್ ನಡುವ 0.1 ಪಿಪಿಎಂ ಒಳಗ ಹೊಂದಬೇಕು ಅನ್ನೋದು ಅವರ ಗುರಿ, ದಕ್ಷಿಣದಾಗ 0.05. ನೀ 41ರ ಬಗ್ಗೆ ಮಾತಾಡ್ಲಕತ್ತಿ.

ಆ ಮೂಲ ಅಳತಿನೇ ಒಮ್ಮೆ ತಿದ್ದಿದ್ರು ನೋಡು, ಎಕ್ಸ್2007 ಅಂತ ಇದ್ದಿದ್ದು ಎಕ್ಸ್2019 ಆಯ್ತು, 400ರ ಹತ್ರ 0.18ರಷ್ಟು ಮ್ಯಾಲ ಹೋಯ್ತು. ಅಷ್ಟಕ್ಕೇ ಹಳೆ ಡೇಟಾ ಎಲ್ಲಾ ಮತ್ತ ಲೆಕ್ಕ ಮಾಡಬೇಕಾಯ್ತು. ಹ್ಯಾಂಗ ಮಾಡಲಕ್ಕ ಬಂತು? ಯಾವ ದಿನ ಯಾವ ಸಿಲಿಂಡರ್ ಹಚ್ಚಿದ್ರು ಅನ್ನೋದು ಬುಕ್ಕಿನಾಗ ಬರದಿತ್ತು. ಇನ್ನ ಸ್ವಿಟ್ಜರ್ಲೆಂಡಿನ ಎಂಪಾ ಅನ್ನೋ ಸಂಸ್ಥೆಯವರು ತಮ್ಮ ಸಿಲಿಂಡರ್, ಓಝೋನ್ ಯಂತ್ರ ಹೊತ್ಕೊಂಡು ಸ್ಟೇಷನ್ ಸ್ಟೇಷನ್ ತಿರಗಿ ಆಡಿಟ್ ಮಾಡ್ತಾರ.

ನಿಂಗ ಸಿಲಿಂಡರ್ ಬ್ಯಾಡ. ನಿನ್ನ ಮೀಟರ್ ಬಸ್ಸಿನಾಗ ಒಯ್ದು ಮಾವನ ಮೀಟರ್ ಬಾಜು ಇಡು. ಎರಡರಾಗೂ ಒಂದೇ ಕೋಡ್, ಎಬಿಸಿ ಬಂದ್, ಆರು ದಿನ. ಕಟ್ಟಿ ಮ್ಯಾಲ ಬಾಜು ಬಾಜು, ಒಲಿ ಹೊಗಿ ಬರಲಾರದ ಕಡಿ. ಮತ್ತ ಒಂದು ನೋಟ್‌ಬುಕ್.

ಯಾದಗಿರಿ_ವೈರ್‌ಮನ್:
ಒಯ್ಯೋ ಮುಂದ ಪುಡಿಕಿ ಇರಲಿ ಡಬ್ಬಿದಾಗ, ದಾರಿದಾಗ ಹಸಿ ಆಗ್ತದ.

ತೊಗರಿ_ಕಣಜ (ಹನ್ನೊಂದು ದಿನ ಆದ ಮ್ಯಾಲ):
ಬೀದರ್‌ಗೆ ಹೋಗಿ ಬಂದೆ. ಅತ್ತಿ ಕೈಯಾಗಿನ ಬಿಸಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ಅಂತೂ ಕ್ಯಾಲಿಬ್ರೇಟ್ ಆಗ್ಯದ. ಆರು ದಿನ ಬಾಜು ಬಾಜು ಇಟ್ಟಿದ್ವಿ, ಮಧ್ಯಾಹ್ನದ ಲೆಕ್ಕ ನನ್ನ ಕಲಬುರಗಿ ಮೀಟರ್ 439, ಮಾವಂದು 411. ಅಂದ್ರ 28 ಫರಕ್. ಊರಿಂದ ಊರಿಗೆ ಹೋದ ಕೂಡ್ಲೇ ನನ್ನ ಮೀಟರ್ 13 ಇಳಿತು, ಕಾಕಾ ಹೇಳಿದ ಒತ್ತಡದ್ದೇ ಅನಸ್ತದ. ಮೂರನೇ ದಿನ ಎರಡೂ ಕೂಡೇ 30 ಏರಿದ್ವು, ಬಾಜು ಹೊಲದಾಗ ಏನೋ ಸುಟ್ಟಿದ್ರು, ಬುಕ್ಕಿನಾಗ ಬರದೀನಿ, ಅಳಸಿಲ್ಲ!

ಮೀಟರ್_ಕಾಕಾ:
ಶಭಾಶ್ ಮಗನ. ಎರಡೂ ಕೂಡೇ ಏರಿದ್ದು ಭಾಳ ಚೊಲೋ ಸುದ್ದಿ, ಏರೋದು ಇಳಿಯೋದು ಎರಡೂ ಹಿಡಿತಾವ ಅಂತಾಯ್ತು. 13ರಾಗ ಊರಿನ ಫರಕ್ಕೂ ಸ್ವಲ್ಪ ಸೇರಿರಬಹುದು, ಪೂರಾ ಒತ್ತಡದ್ದೇ ಅನಬ್ಯಾಡ. ಇನ್ನ 28 ಯಾರ ತಲಿ ಮ್ಯಾಲ ಹಾಕಬೇಕು ಅನ್ನೋದು ಈ ಎರಡರಿಂದಲೇ ಗೊತ್ತಾಗಲ್ಲ, ಮೂರನೇದು ಬೇಕು, ನಂಬಿಗಿದ್ದು. ಹೈದರಾಬಾದ್ ಸನೇ ಶಾದನಗರದಾಗ ಇಸ್ರೋದ ಎನ್‌ಆರ್‌ಎಸ್‌ಸಿಯವರು (ದೂರಸಂವೇದಿ ಕೇಂದ್ರ) ಈ ಗಾಳಿ ಅಳಿಯೋ ಕೆಲಸ ಮಾಡ್ಯಾರ, ಅವರು ಬರದ ಪೇಪರ್ ಹುಡುಕಿ ಜನವರಿ ಮಧ್ಯಾಹ್ನ ಎಷ್ಟಿರ್ತದ ಅಂತ ಓದು, ಅಂದಾಜರ ಸಿಗ್ತದ. ಅಲ್ಲೀತನಕ ಸಾಲಿ ಹುಡುಗ್ರಿಗಿ ಏರಿಳಿತ ತೋರಸು, ನಂಬರ್ ತೋರಸಬ್ಯಾಡ. ಮತ್ತ ಹಳೆ ಫೈಲ್ ತಿದ್ದಬ್ಯಾಡ, ಬಾಜು ಇನ್ನೊಂದು ಕಾಲಂ ಮಾಡು.

ಬೋರ್ಡ್_ಬೆಂಗ್ಳೂರು:
ನೋಡ್ದೆ. ಆರರಲ್ಲಿ ಆರೂ ಆನ್ ಇತ್ತು. ಮೂರು ವರ್ಷ. ಯಾರೂ ಏನೂ ಕೇಳ್ಬೇಡಿ.

ಕ್ವಾಟಿ_ಬೀದರ್:
ಒಂದು ನಿಮಿಷ ಮಿಸ್ ಆಗಿಲ್ಲ ಅಂತೂ ಖರೆ ಸರ್.

ಮೀಟರ್_ಕಾಕಾ:
ನಗಬ್ಯಾಡ್ರಿ. 2022ರ ನವೆಂಬರ್‌ದಾಗ ಮೌನಾ ಲೋವಾ ಜ್ವಾಲಾಮುಖಿ ಸಿಡಿದಾಗ ಲಾವಾ ಬಂದು ದಾರಿ, ಕರೆಂಟ್ ಲೈನ್ ಎರಡೂ ಕಡೀತು, ಜಗತ್ತಿಗೇ ಹೆಸರಾದ ಆ ಅಳತಿನೂ ನಿಂತಿತ್ತು. ಎದುರಿನ ಮೌನಾ ಕೇಯಾ ಗುಡ್ಡಕ್ಕ ಹೋಗಿ ಯಂತ್ರ ಹಚ್ಚಿದ್ರು, ಎಲ್ಲಿಂದ ಎಲ್ಲೀತನಕ ಆ ಗುಡ್ಡದ್ದು ಅಂತ ಬರದಿಟ್ರು. ಡೇಟಾದಾಗ ತೂತು ಬಿದ್ರ ನಡಿತದ, ತೂತು ಎಲ್ಲದ ಅಂತ ಗೊತ್ತಿರಬೇಕು.

ಮಾವ_ಬೀದರ್ (ಹೊಸ ಸದಸ್ಯರು):
ಅಳಿಯಾ, ನಿನ್ನ ಲಿಂಕ್ ಒತ್ತಿ ಒಳಗ ಬಂದೀನಿ. ನಿನ್ನೆ ಕರೆಂಟ್ ಹೋಗಿ ಬಂದ ಮ್ಯಾಲ ಮೀಟರ್ 470 ತೋರಸ್ಲತ್ತಿತ್ತು, ಕೆಟ್ಟದ ಅಂತ ಡಬ್ಬಿ ಕೆಳಗ ತಂದು ಅಡಗಿ ಮನ್ಯಾಗ ಇಟ್ಟು ಆ ಕೆಂಪು ಬಟನ್ ಒತ್ತಿ ಹಿಡಿದೆ. ಈಗ ಬರಾಬರ್ 400 ಬಂದದ. ಚಿಂತಿ ಮಾಡಬ್ಯಾಡ.

ತೊಗರಿ_ಕಣಜ:
ಮಾವಾ 😭😭 ಅದು ಝೀರೋ ಬಟನ್ ಮಾವಾ, ಏಳು ಸೆಕೆಂಡ್ ಹಿಡದ್ರ ಅಲ್ಲಿ ಇರೋ ಗಾಳಿನೇ 400 ಅಂತ ಬರ್ಕೊಂಡು ಬಿಡ್ತದ. ಅಡಗಿ ಮನ್ಯಾಗ ಗ್ಯಾಸ್ ಹಚ್ಚಿತ್ತಾ?

ಮಾವ_ಬೀದರ್:
ಹೂಂ, ನಿಮ್ಮ ಅತ್ತಿ ರೊಟ್ಟಿ ಬಡಿಲತ್ತಿದ್ಳು.

ಮೀಟರ್_ಕಾಕಾ:
ಎಷ್ಟು ಗಂಟಿಗೆ ಒತ್ತಿದ್ರಿ ಸಾಹೇಬ್ರ, ಬುಕ್ಕಿನಾಗ ಬರದೀರಿ ಏನು?

ಮಾವ_ಬೀದರ್:
ಬುಕ್ ಯಾವುದು? ಆ ನೀಲಿದಾ? ಅದರಾಗ ಹಾಲಿನ ಲೆಕ್ಕ ಬರಿಲತ್ತೀವಿ ಈಗ.