ಜರ್ಮನಿಯಲ್ಲಿ ನಮ್ಮ ಡಿಎಲ್: ಊರಿಗೆ ಹೋಗಿ ಬಂದರೆ ಆರು ತಿಂಗಳು ಮತ್ತೆ ಶುರುವಾಗುತ್ತಾ?

ನೆಕ್ಕರ್_ದಂಡೆ

ಎರಡು ವರ್ಷದ ಕೆಲಸಕ್ಕೆ ಬೆಂಗಳೂರಿಂದ ಸ್ಟುಟ್‌ಗಾರ್ಟ್‌ಗೆ ಬಂದಿದ್ದೇವೆ. ಅನ್‌ಮೆಲ್ಡುಂಗ್ (ಇಲ್ಲಿನ ವಿಳಾಸ ನೋಂದಣಿ) ಆಗಿದ್ದು ಮಾರ್ಚ್ 3ಕ್ಕೆ. ನನ್ನದೂ ಮನೆಯವರದೂ ಕರ್ನಾಟಕದ ಸ್ಮಾರ್ಟ್‌ಕಾರ್ಡ್ ಡಿಎಲ್, ಜೊತೆಗೆ ಆರ್‌ಟಿಒ ಕೊಟ್ಟ ಒಂದು ವರ್ಷದ ಐಡಿಪಿ (ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್). ನಮ್ಮ ಡಿಎಲ್‌ನಲ್ಲಿ ಇಲ್ಲಿ ಆರು ತಿಂಗಳಷ್ಟೇ ಓಡಿಸಬಹುದಂತೆ. ಆಗಸ್ಟ್‌ನಲ್ಲಿ ಮೂರು ವಾರ ಊರಿಗೆ ಹೋಗ್ತೀವಿ. ವಾಪಸ್ ಬಂದ ದಿನದಿಂದ ಆರು ತಿಂಗಳು ಹೊಸದಾಗಿ ಲೆಕ್ಕ ಅಂತ ಒಬ್ಬರು, ಐಡಿಪಿ ಇರೋವರೆಗೂ ಓಡಿಸಬಹುದು ಅಂತ ಇನ್ನೊಬ್ಬರು. ಯಾರ ಮಾತು ಸರಿ? ಪರೀಕ್ಷೆ ಕೊಡಲೇಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು? ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಬರ್ತಾರೆ, ಅಪ್ಪ ಕಾರು ಓಡಿಸಬಹುದಾ?

ಬಲಬದಿ

ಇಬ್ಬರದೂ ತಪ್ಪು.

ಆರು ತಿಂಗಳು ಲೆಕ್ಕಕ್ಕೆ ಬರೋದು ಇಲ್ಲಿ ವಾಸ ಶುರುವಾದ ದಿನದಿಂದ. ರಜೆಗೆ ಊರಿಗೆ ಹೋದರೆ ವಾಸ ಮುಗಿದಂತಲ್ಲ, ಮನೆ, ಕೆಲಸ ಎಲ್ಲ ಇಲ್ಲೇ ಇದೆಯಲ್ಲ. ಹಾಗಾಗಿ ಸೆಪ್ಟೆಂಬರ್ ಮೊದಲ ವಾರಕ್ಕೆ ನಿಮ್ಮ ಓಡಾಟ ಮುಗೀತು. ಇದನ್ನು 12 ತಿಂಗಳಿಗೆ ವಿಸ್ತರಿಸಿಕೊಳ್ಳೋ ದಾರಿ ಇದೆ, ಆದರೆ ಒಟ್ಟು ವಾಸ 12 ತಿಂಗಳು ದಾಟಲ್ಲ ಅಂತ ದಾಖಲೆ ತೋರಿಸಿ ಅರ್ಜಿ ಹಾಕಬೇಕು. ಎರಡು ವರ್ಷದ ಕರಾರು ಕೈಯಲ್ಲಿ ಇಟ್ಟುಕೊಂಡು ಅದನ್ನ ಕೇಳೋ ಹಾಗಿಲ್ಲ.

ಐಡಿಪಿ ಬೇರೆ ಲೈಸೆನ್ಸ್ ಅಲ್ಲ. ನಿಮ್ಮ ಡಿಎಲ್‌ನ ಅನುವಾದ ಇದ್ದ ಹಾಗೆ, ಅಷ್ಟೇ. ಡಿಎಲ್‌ಗೆ ಇಲ್ಲಿ ಬೆಲೆ ಹೋದ ದಿನ ಐಡಿಪಿಗೂ ಹೋಗುತ್ತೆ, ಅದರ ಮೇಲೆ ಯಾವ ತಾರೀಕು ಇದ್ದರೂ ಅಷ್ಟೇ. ಗಡುವಿನೊಳಗೆ ಅನುವಾದ ಮರೆತು ಹೊರಟರೆ ಸಣ್ಣ ದಂಡದಲ್ಲಿ ಮುಗಿಯಬಹುದು. ಗಡುವು ದಾಟಿ ಓಡಿಸಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ: ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಜೊತೆಗೆ, ಕಾರಿನ ಮಾಲೀಕರು ಗೊತ್ತಿದ್ದೂ ಕೀಲಿ ಕೊಟ್ಟರೆ ಅವರ ಮೇಲೂ ಕೇಸು. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟು, ಓಡಿಸಿದವರಿಂದ 5000 ಯೂರೋವರೆಗೆ ವಾಪಸ್ ಕೇಳಬಹುದು.

ಅಪ್ಪ ಓಡಿಸಬಹುದು. ಅವರು ಇಲ್ಲಿ ವಾಸಕ್ಕೆ ಬರ್ತಿಲ್ಲ, ಭೇಟಿಗೆ ಬರ್ತಿದ್ದಾರೆ. ಮೂಲ ಡಿಎಲ್ ಮತ್ತು ಜರ್ಮನ್ ಅನುವಾದ ಜೇಬಲ್ಲಿರಲಿ. ಆದರೆ ನಿಮ್ಮ ಇನ್ಶೂರೆನ್ಸ್‌ನಲ್ಲಿ ಯಾರು ಯಾರು ಓಡಿಸ್ತಾರೆ ಅಂತ ಬರೆದಿರುತ್ತೆ. ಅಲ್ಲಿ ಅವರನ್ನ ಮೊದಲೇ ಸೇರಿಸಿ.

ಗೇರ್_ಐದು

ಭಾರತಕ್ಕೆ ಪರೀಕ್ಷೆಯ ವಿನಾಯಿತಿ ಇಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡೂ ಕೊಡಬೇಕು. ಸಮಾಧಾನದ ಮಾತು ಅಂದ್ರೆ, ಹೊಸಬರಿಗೆ ಕಡ್ಡಾಯವಾದ ಥಿಯರಿ ತರಗತಿ, ಆಟೊಬಾನ್ (ಹೆದ್ದಾರಿ) ಮತ್ತು ರಾತ್ರಿ ಪಾಠ ಇವೆಲ್ಲ ನಿಮಗೆ ಕಡ್ಡಾಯವಲ್ಲ. ಹಾಗಂತ ಡ್ರೈವಿಂಗ್ ಸ್ಕೂಲ್ ಬಿಡೋ ಹಾಗಿಲ್ಲ. ಪರೀಕ್ಷೆ ಅವರ ಕಾರಲ್ಲೇ, ಅರ್ಜಿಯಲ್ಲಿ ಅವರ ಹೆಸರೂ ಬರೀಬೇಕು.

ಮೊದಲು ಕಣ್ಣಿನ ಪರೀಕ್ಷೆ, ಕನ್ನಡಕದ ಅಂಗಡಿಯಲ್ಲೇ ಆಗುತ್ತೆ. ಆಮೇಲೆ ಪ್ರಥಮ ಚಿಕಿತ್ಸೆ ಕೋರ್ಸ್, 45 ನಿಮಿಷದ 9 ಪಾಠ, ಒಂದೇ ದಿನದಲ್ಲಿ ಮುಗಿಯುತ್ತೆ, ದೊಡ್ಡ ಊರುಗಳಲ್ಲಿ ಇಂಗ್ಲಿಷಲ್ಲೂ ಸಿಗುತ್ತೆ. ಈ ಎರಡು ಪ್ರಮಾಣಪತ್ರ, ಬಯೊಮೆಟ್ರಿಕ್ ಫೋಟೊ, ಪಾಸ್‌ಪೋರ್ಟ್, ಅನ್‌ಮೆಲ್ಡುಂಗ್ ಚೀಟಿ, ಡಿಎಲ್, ಅದರ ಅನುವಾದ ಹಿಡಿದು ಫ್ಯೂರರ್‌ಷೈನ್‌ಷ್ಟೆಲ್ಲೆಗೆ (ಲೈಸೆನ್ಸ್ ಕಚೇರಿಗೆ) ಹೋಗಿ. ಕಡತ ಅಲ್ಲಿಂದ ಪರೀಕ್ಷಾ ಸಂಸ್ಥೆಗೆ ಹೋಗೋಕೆ ವಾರಗಟ್ಟಲೆ ಹಿಡಿಯುತ್ತೆ. ಸೆಪ್ಟೆಂಬರ್‌ವರೆಗೆ ಕಾದು ಹಾಕಿದರೆ ಚಳಿಗಾಲ ಪೂರ್ತಿ ಬಸ್ಸೇ ಗತಿ. ಈಗಲೇ ಹಾಕಿ. ಗಡುವು ದಾಟಿದ ಮೇಲೂ ಅರ್ಜಿ ತಗೋತಾರೆ, ಓಡಿಸೋ ಹಾಗಿಲ್ಲ ಅಷ್ಟೇ.

ಡಿಎಲ್‌ನಲ್ಲಿ ಒಂದು ತೊಡಕು ಇದೆ. ಇಲ್ಲಿ ವಾಸ ಶುರುವಾದ ಮೇಲೆ ಭಾರತದಲ್ಲಿ ಮಾಡಿಸಿದ ಲೈಸೆನ್ಸ್ ಇಲ್ಲಿ ನಡೆಯಲ್ಲ. ಆಗಸ್ಟ್‌ನಲ್ಲಿ ಊರಲ್ಲಿ ಕಾರ್ಡ್ ನವೀಕರಿಸೋ ಯೋಚನೆ ಇದ್ದರೆ, ಹೊಸ ಕಾರ್ಡ್‌ನ ತಾರೀಕು ನೋಡಿ ಕೌಂಟರ್‌ನಲ್ಲಿ ಅನುಮಾನ ಹುಟ್ಟಬಹುದು. ಮೊದಲು ಯಾವಾಗ ಕೊಟ್ಟಿದ್ದು ಅಂತ ಕಾಣೋ ಹಳೆ ಕಾರ್ಡ್‌ನ ಎರಡೂ ಬದಿಯ ಪ್ರತಿ, ಆರ್‌ಟಿಒ ಕೊಡೋ ಡಿಎಲ್ ವಿವರದ ಪತ್ರ ಜೊತೆಗಿರಲಿ. ಜರ್ಮನ್ ಕಾರ್ಡ್ ಕೊಡುವಾಗ ನಮ್ಮ ಡಿಎಲ್ ಒಪ್ಪಿಸಬೇಕಾಗುತ್ತೆ. ಅದಕ್ಕೂ ಈ ಪ್ರತಿಗಳು ಬೇಕಾಗ್ತವೆ.

ಥಿಯರಿಗೆ ಇಂಗ್ಲಿಷ್ ಇದೆ. 30 ಪ್ರಶ್ನೆ, ತಪ್ಪಿದ ಪ್ರಶ್ನೆಗಳ ಅಂಕ ಕೂಡಿ 10 ದಾಟದಿದ್ದರೆ ಪಾಸ್. ಆದರೆ 5 ಅಂಕದ ಎರಡು ಪ್ರಶ್ನೆ ತಪ್ಪಿದರೆ ಮೊತ್ತ 10 ಆದರೂ ಫೇಲ್. ಎಡವೋದು ಹೆಚ್ಚಾಗಿ ಅಲ್ಲೇ. ಥಿಯರಿ ಪಾಸಾದ ಮೇಲೆ 12 ತಿಂಗಳೊಳಗೆ ಪ್ರಾಕ್ಟಿಕಲ್ ಮುಗಿಸಬೇಕು.

ಷುಲ್ಟರ್‌ಬ್ಲಿಕ್

ನಮ್ಮವರು ಪ್ರಾಕ್ಟಿಕಲ್‌ನಲ್ಲಿ ಬೀಳೋದು ಓಡಿಸೋಕೆ ಬರದೆ ಅಲ್ಲ, ಓಡಿಸಿ ಓಡಿಸಿ ಕೈ ಪಳಗಿರೋದ್ರಿಂದ. ಒಟ್ಟು 55 ನಿಮಿಷ, ಹಿಂದಿನ ಸೀಟಲ್ಲಿ ಪರೀಕ್ಷಕ, ಸೂಚನೆ ಜರ್ಮನಲ್ಲೇ. ಲಿಂಕ್ಸ್ (ಎಡ), ರೆಷ್ಟ್ಸ್ (ಬಲ), ಗೆರಾಡೆಔಸ್ (ನೇರ) ಕಿವಿಗೆ ಹೊಂದಿರಬೇಕು.

ದೊಡ್ಡ ಬಲೆ ಅಂದ್ರೆ ‘ಬಲಗಡೆಯವರಿಗೆ ಮೊದಲು’. ಗಂಟೆಗೆ 30 ಕಿ.ಮೀ. ಮಿತಿಯ ವಲಯದ ಬೀದಿಗಳಲ್ಲಿ ಫಲಕ ಇಲ್ಲದ ಕೂಡುರಸ್ತೆಗೆ ಬಂದಾಗ ಬಲಗಡೆಯಿಂದ ಬರೋರಿಗೆ ದಾರಿ ಬಿಡಬೇಕು. ನಿಮ್ಮ ರಸ್ತೆ ಅಗಲವಾಗಿದ್ದು ಅವರದು ಗಲ್ಲಿಯಾದರೂ ಅಷ್ಟೇ. ಕಾರು ಬರ್ತಿಲ್ಲ ಅಂದರೂ ವೇಗ ಇಳಿಸಿ, ತಲೆ ಬಲಕ್ಕೆ ತಿರುಗಿದ್ದು ಪರೀಕ್ಷಕರಿಗೆ ಕಾಣಬೇಕು. ಒಂದು ವಿನಾಯಿತಿ: ಬಲಗಡೆಯ ದಾರಿ ಫುಟ್‌ಪಾತ್ ಅಂಚಿನ ತಗ್ಗಿಸಿದ ಕಲ್ಲಿನ ಮೇಲೆ ಹಾದು ರಸ್ತೆಗೆ ಇಳಿಯುತ್ತಿದ್ದರೆ ಅವರೇ ಕಾಯಬೇಕು. ಅಲ್ಲಿ ನೀವು ಸುಮ್ಮನೆ ನಿಂತರೆ ನಿಯಮ ಗೊತ್ತಿಲ್ಲ ಅಂತ ಬರ್ಕೋತಾರೆ.

ಬಲಕ್ಕೆ ತಿರುಗುವಾಗ ಕನ್ನಡಿ ಸಾಲದು. ಭುಜದ ಮೇಲಿಂದ ಹಿಂದಕ್ಕೆ ನೋಡಬೇಕು, ನೇರ ಬರೋ ಸೈಕಲ್‌ನವರಿಗೆ ಬಿಡಬೇಕು. ಇದೊಂದೇ ತಪ್ಪಿಗೆ ಪರೀಕ್ಷೆ ನಿಲ್ಲಿಸಿಬಿಡಬಹುದು. ಸೈಕಲ್ ದಾಟುವಾಗ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್ ಅಂತರ. ಅಷ್ಟು ಜಾಗ ಇಲ್ಲದಿದ್ದರೆ ಹಿಂದೆಯೇ ಹೋಗಿ, ಹಾರ್ನ್ ಮುಟ್ಟಬೇಡಿ. ಕೆಂಪು ದೀಪದ ಪಕ್ಕ ಹಸಿರು ಬಾಣದ ತಗಡು ಇದ್ದರೆ ಚಕ್ರ ಪೂರ್ತಿ ನಿಂತ ಮೇಲೇ ಬಲಕ್ಕೆ. ಹೆದರಿ ಹೆದರಿ 50ರಲ್ಲಿ 35 ಹೋದರೂ ಫೇಲ್ ಮಾಡಬಹುದು, ಅದೂ ನೆನಪಿರಲಿ.

ನೆಕ್ಕರ್_ದಂಡೆ

ತುಂಬಾ ಉಪಕಾರ ಆಯ್ತು. ಮನೆಯವರು ಆಟೊಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಡ್ತೀನಿ ಅಂತಿದ್ದಾರೆ. ಆಮೇಲೆ ಗೇರ್ ಕಾರು ಓಡಿಸೋ ಹಾಗಿಲ್ವಾ?

ಗೇರ್_ಐದು

ಬರೀ ಆಟೊಮ್ಯಾಟಿಕ್‌ನಲ್ಲಿ ಕೊಟ್ಟರೆ ಕಾರ್ಡ್‌ನಲ್ಲಿ 78 ಅಂತ ಸಂಕೇತ ಬೀಳುತ್ತೆ, ಗೇರ್ ಕಾರು ಮುಟ್ಟೋ ಹಾಗಿಲ್ಲ. 2021ರಿಂದ 197 ಅನ್ನೋ ಸಂಕೇತದ ದಾರಿ ಇದೆ: ಗೇರ್ ಕಾರಲ್ಲಿ 45 ನಿಮಿಷದ 10 ಪಾಠ ಮಾಡಿ, ಸ್ಕೂಲಿನವರೇ ತಗೊಳ್ಳೋ ಕನಿಷ್ಠ 15 ನಿಮಿಷದ ಓಟದಲ್ಲಿ ಪಾಸಾದರೆ ಆ ಕಟ್ಟು ಇರಲ್ಲ. ಸ್ಕೂಲಿಗೆ ಸೇರೋ ದಿನವೇ ಇದನ್ನ ಕೇಳಿ ಬರೆಸಿಕೊಳ್ಳಿ, 10 ಪಾಠದ ದುಡ್ಡು ಪ್ಯಾಕೇಜ್‌ನಲ್ಲಿ ಸೇರಿರದೇ ಇರಬಹುದು.