ಮಲೆನಾಡಿನ ಪಂಚಾಯ್ತಿ ಲೈಬ್ರರಿಗೆ 6 ಟ್ಯಾಬ್ ಬಂದಿವೆ: ಅಂಗನವಾಡಿ ಮಕ್ಕಳಿಗೂ ಅಜ್ಜ-ಅಜ್ಜಿಯರಿಗೂ ಹೇಗೆ ಬಳಸೋದು?

ಶರಾವತಿ_ಓದುಗ

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರಕ್ಕೆ 6 ಆಂಡ್ರಾಯ್ಡ್ ಟ್ಯಾಬ್ ದಾನವಾಗಿ ಬಂದಿವೆ. ಫೈಬರ್ ಇದೆ, ಆದರೆ ಜೂನ್ ಗಾಳಿಗೆ ಮರ ಬಿದ್ದರೆ ಎಷ್ಟೋ ದಿನ ಇರಲ್ಲ. ಕರೆಂಟಿನ ಕಥೆಯೂ ಅಷ್ಟೇ. ಕಟ್ಟಡದೊಳಗೆ ಮೊಬೈಲ್ ಸಿಗ್ನಲ್ ಇಲ್ಲವೇ ಇಲ್ಲ.

ಶಾಲೆ ಮಕ್ಕಳು ಹೇಗೂ ಬರ್ತಾರೆ, ಅವರ ಚಿಂತೆ ಇಲ್ಲ. ಪಕ್ಕದಲ್ಲೇ ಅಂಗನವಾಡಿ ಇದೆ, ಊರಲ್ಲಿ ಅರವತ್ತು ದಾಟಿದವರು ಬಹಳ ಇದ್ದಾರೆ. ಕೇಂದ್ರ ಸರ್ಕಾರದ ಡಿಜಿಟಲ್ ಸಾಕ್ಷರತೆ ಯೋಜನೆ ಪಿಎಂಜಿದಿಶಾದ ತರಬೇತಿ ಇದ್ದದ್ದು 14ರಿಂದ 60 ವರ್ಷದವರಿಗೆ. ಅದೂ 2024ರ ಮಾರ್ಚ್‌ಗೆ ಮುಗಿಯಿತು. ಹಾಗಾಗಿ ಈ ಎರಡು ತುದಿಯವರನ್ನೇ ಮೊದಲು ಹಿಡಿಯೋಣ ಅಂತ. ಯಾವುದರಿಂದ ಶುರು ಮಾಡಬೇಕು? ಎಲ್ಲಿ ಕೆಡುತ್ತೆ?

ಕಂಬ_ತಂತಿ

ಟ್ಯಾಬ್ ಆಮೇಲೆ ನೋಡಿ, ಮೊದಲು ಕರೆಂಟು. ಫೈಬರ್ ಪೆಟ್ಟಿಗೆ ಮತ್ತು ವೈಫೈ ಸೇರಿ ಸುಮಾರು 10 ವ್ಯಾಟ್ ತಿನ್ನುತ್ತೆ. ಅದರ ಜೊತೆ ಪುಸ್ತಕ-ಕಥೆ ಇಟ್ಟುಕೊಳ್ಳೋಕೆ ಒಂದು ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಇಟ್ಟರೆ ಇನ್ನು 5 ವ್ಯಾಟ್. ಒಟ್ಟು 15. 12.8 ವೋಲ್ಟ್, 20 ಆಂಪಿಯರ್-ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ 256 ವ್ಯಾಟ್-ಅವರ್ ಇರುತ್ತೆ. ಅದರಲ್ಲಿ ನೂರಕ್ಕೆ 80 ಭಾಗ ಬಳಸಿದರೂ 12 ತಾಸು ನಡೆಯುತ್ತೆ. ಟ್ಯಾಬ್‌ಗಳನ್ನು ಇದೇ ಬ್ಯಾಟರಿಗೆ ಸಿಕ್ಕಿಸಬೇಡಿ, ಆರು ಸೇರಿ ಅರ್ಧಕ್ಕಿಂತ ಹೆಚ್ಚು ಕುಡಿದುಬಿಡ್ತವೆ. ಕರೆಂಟು ಬಂದಾಗ ಅವನ್ನು ಬೇರೆ ಚಾರ್ಜ್ ಮಾಡಿ. ಸೋಲಾರ್ ನಂಬಿಕೊಂಡು ಮಳೆಗಾಲ ದಾಟೋದು ನಮ್ಮ ಕಡೆ ಕಷ್ಟ.

ಬಹಳ ಜನ ಬ್ಯಾಟರಿಯಿಂದ ಪೆಟ್ಟಿಗೆಗೆ ನೇರ ವೈರ್ ಎಳೀತಾರೆ, ತಪ್ಪು ಅಲ್ಲೇ ಆಗೋದು. ಚಾರ್ಜ್ ಆಗುವಾಗ ಆ ಬ್ಯಾಟರಿ 14.4 ವೋಲ್ಟ್‌ವರೆಗೆ ಏರುತ್ತೆ, 12ರ ಪೆಟ್ಟಿಗೆ ಸುಟ್ಟುಹೋಗಬಹುದು. ನಡುವೆ 12 ವೋಲ್ಟ್‌ಗೆ ಕಟ್ಟಿಹಾಕುವ ಕನ್ವರ್ಟರ್ ಇರಲಿ. ಪೈಗೆ ಬೇರೆ 5 ವೋಲ್ಟ್ 3 ಆಂಪಿಯರ್ ಕನ್ವರ್ಟರ್ ಬೇಕು. ಹಳೇ ಫೋನ್ ಚಾರ್ಜರ್ ಹಾಕಿದರೆ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದು ಪರದೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತೆ, ಆಗಾಗ ತಾನಾಗೇ ರೀಸ್ಟಾರ್ಟ್ ಆಗುತ್ತೆ. ಕರೆಂಟು ಹೋಗಿ ಬಂದು ಮೆಮೊರಿ ಕಾರ್ಡ್ ಕೆಡೋದು ಇನ್ನೊಂದು ಕಾಟ. ಎಲ್ಲ ಹಾಕಿಯಾದ ಮೇಲೆ ಪೈ ಸೆಟ್ಟಿಂಗ್ಸ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಆಗ ಕಾರ್ಡಿನ ಮೇಲೆ ಏನೂ ಬರೆಯಲ್ಲ.

ಪೈನಲ್ಲಿ ಕಿವಿಕ್ಸ್ ಅನ್ನೋ ಆಫ್‌ಲೈನ್ ಓದಿನ ಸಾಫ್ಟ್‌ವೇರ್ ಹಾಕಿದರೆ ಕನ್ನಡ ವಿಕಿಪೀಡಿಯ ಪೂರ್ತಿ ನೆಟ್ ಇಲ್ಲದೆ ತೆರೆಯುತ್ತೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಕಥೆಗಳು ಮುಕ್ತ ಪರವಾನಗಿಯವು, ಕನ್ನಡದವನ್ನು ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ. ಪೈಯನ್ನು ಲ್ಯಾನ್ ಕೇಬಲ್‌ನಿಂದ ವೈಫೈ ಪೆಟ್ಟಿಗೆಗೆ ಸೇರಿಸಿ, ಅದರ ಸ್ವಂತ ವೈಫೈ ಗೋಡೆ ದಾಟಲ್ಲ. ಟ್ಯಾಬ್‌ನಲ್ಲಿ 'ಇಂಟರ್ನೆಟ್ ಇಲ್ಲ, ಸಂಪರ್ಕದಲ್ಲೇ ಇರಬೇಕೆ?' ಅಂತ ಕೇಳಿದರೆ ಹೌದು ಅನ್ನಿ. ಇಲ್ಲ ಅಂದರೆ ಟ್ಯಾಬ್ ಆ ವೈಫೈ ಬಿಟ್ಟುಬಿಡುತ್ತೆ, ನೀವು ಪೈ ಕೆಟ್ಟಿದೆ ಅಂದ್ಕೊಳ್ತೀರಿ.

ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ತಂತಿ ಎಲ್ಲೋ ತುಂಡಾಗಿದೆ ಅಥವಾ ಮುರುಟಿದೆ. ದೂರು ಕೊಡುವ ಮೊದಲು ಒಳಗಿನ ಸುರುಳಿ ನೋಡಿ, ಬಳೆಗಿಂತ ಸಣ್ಣದಾಗಿ ಸುತ್ತಿದ್ದರೆ ಬೆಳಕು ಸೋರಿಹೋಗುತ್ತೆ. ಇನ್ನು ಸಿಡಿಲು. ಏಪ್ರಿಲ್-ಮೇ ಗುಡುಗಿನ ಹೊತ್ತಿಗೆ ಜಂಬಿಟ್ಟಿಗೆ ನೆಲ ಒಣಗಿರುತ್ತೆ, ಅರ್ಥಿಂಗ್ ಸರಿಯಾಗಿ ಕೆಲಸ ಮಾಡಲ್ಲ. ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಹಾಗಿದ್ದರೂ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳೋದೇ ಖಾತ್ರಿ ಉಪಾಯ.

ಟ್ಯಾಬ್‌ಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತೆ, ಮಕ್ಕಳಿರುವ ಕಡೆ ಬೇಡ. ಬೇಸಿಗೆ ರಜೆಗೆ ಎತ್ತಿಡುವಾಗ ಚಾರ್ಜ್ 50ರ ಆಸುಪಾಸು ಇರಲಿ. ಪೂರ್ತಿ ತುಂಬಿಸಿ ಅಥವಾ ಪೂರ್ತಿ ಇಳಿಸಿ ತಿಂಗಳುಗಟ್ಟಲೆ ಇಟ್ಟರೆ ಬ್ಯಾಟರಿ ಹಾಳಾಗುತ್ತೆ, ಊದಿಕೊಳ್ಳೋದೂ ಉಂಟು.

ಬಾಲವಾಡಿ_ಬೆಂಚು

ಅಂಗನವಾಡಿ ಮಕ್ಕಳ ಕೈಗೆ ಟ್ಯಾಬ್ ಕೊಡಲೇಬೇಡಿ ಮಾರಾಯ್ರೆ. 2ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಹೆಚ್ಚೆಂದರೆ 1 ತಾಸು ಪರದೆ, ಅದೂ ದೊಡ್ಡವರ ಜೊತೆ ಅಂತ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲೇ ಹೇಳಿದೆ. ಮನೆಯಲ್ಲಿ ಅಮ್ಮನ ಫೋನ್‌ನಲ್ಲೇ ಆ ಒಂದು ತಾಸು ಮುಗಿದಿರುತ್ತೆ.

ಒಂದೇ ಟ್ಯಾಬ್ ಸಾಕು. ಮಕ್ಕಳ ಕಣ್ಣಿನ ಎತ್ತರಕ್ಕೆ ಒರಗಿಸಿ, ಐದಾರು ಮಕ್ಕಳನ್ನು ಅರ್ಧ ಚಂದ್ರದ ಹಾಗೆ ಕೂರಿಸಿ, ಚಿತ್ರ ಜಾಸ್ತಿ ಇರುವ ಒಂದು ಕಥೆ ತೆರೆಯಿರಿ. ಓದುವವರು ಟೀಚರ್, ಟ್ಯಾಬ್ ಅಲ್ಲ. ಪುಟ ತಿರುಗಿಸುವ ಮೊದಲು 'ಈಗ ನಾಯಿಮರಿ ಎಲ್ಲಿಗೆ ಹೋಗಬಹುದು?' ಅಂತ ಕೇಳಿ ಕಾಯಿರಿ. 10-15 ನಿಮಿಷಕ್ಕೆ ಮುಚ್ಚಿಬಿಡಿ. ಆಮೇಲೆ ಅದೇ ಕಥೆಯನ್ನು ಅಡಿಕೆ ಹಾಳೆ, ಎಲೆ, ಹುಣಸೆ ಬೀಜ ಇಟ್ಟು ಆಡಿಸಬೇಕು. ಕಲಿಕೆ ಇರೋದು ಅಲ್ಲಿ. ಟೀಚರ್‌ಗೆ ಪೋಷಣ್ ಟ್ರ್ಯಾಕರ್ (ಅಂಗನವಾಡಿಯ ಸರ್ಕಾರಿ ಆ್ಯಪ್) ತುಂಬುವ ಕೆಲಸವೇ ಸಾಕಷ್ಟಿದೆ, ನಿಮ್ಮ ಕಾರ್ಯಕ್ರಮದಿಂದ ಇನ್ನೊಂದು ರಿಪೋರ್ಟ್ ಕೇಳಬೇಡಿ.

ನನಗೆ ಇನ್ನೂ ಇಷ್ಟವಾದ ದಾರಿ ಒಂದಿದೆ. ಹಿರಿಯರಿಗೆ ಮೊದಲ ಪಾಠವಾಗಿ ಫೋನಿನ ರೆಕಾರ್ಡರ್ ಕಲಿಸಿ. ಒಗಟು, ಶಿಶುಪ್ರಾಸ, ಪುಟ್ಟ ಕಥೆ ಅವರೇ ಹೇಳಲಿ, ಮಕ್ಕಳು ಕೇಳಲಿ. ಫೋನನ್ನು ಬಾಯಿಂದ ಒಂದು ಗೇಣು ದೂರ, ಮಡಚಿದ ಟವೆಲ್ ಮೇಲೆ ಇಡಿ. ಬರಿ ಮೇಜಿನ ಮೇಲಿಟ್ಟರೆ ಪ್ರತಿ ಬಡಿತವೂ ಸೇರುತ್ತೆ. ಮಳೆ ನಿಂತಾಗ ಮಾಡಿ, ಜಿಂಕ್ ಶೀಟಿನ ಮೇಲೆ ಮಳೆ ಬಿದ್ದರೆ ಮಾತೇ ಕೇಳಲ್ಲ. ಒಂದೊಂದೂ 2-3 ನಿಮಿಷ ಸಾಕು. ಮನೆಮಾತು ಹವ್ಯಕ ಆಗಲಿ, ಕೊಂಕಣಿ, ಲಂಬಾಣಿ, ಬ್ಯಾರಿ ಆಗಲಿ, ಹಾಗೇ ಇರಲಿ. ತನ್ನ ಮನೆಯ ಮಾತು ಪೆಟ್ಟಿಗೆಯೊಳಗಿಂದ ಬಂದಾಗ ಮಗು ತಲೆ ಎತ್ತಿ ನೋಡೋದನ್ನು ನೀವೇ ಕಾಣ್ತೀರಿ.

ತುಂಗಾ_ಹೊಳೆ

ಹಿರಿಯರ ಬಗ್ಗೆ: ಟ್ಯಾಬ್‌ನಲ್ಲಿ ಕಲಿತದ್ದು ಮನೆಗೆ ಹೋದರೆ ಕೈಗೆ ಹತ್ತಲ್ಲ. ಅವರವರ ಫೋನ್‌ನಲ್ಲೇ ಕಲಿಸಿ, ಹೇಳಿಕೊಡುವ ಒಬ್ಬರಿಗೆ ನಾಲ್ಕೇ ಜನ, 45 ನಿಮಿಷ. ಕೊಯ್ಲು-ಸುಲಿತದ ತಿಂಗಳುಗಳಲ್ಲಿ ಲೈಬ್ರರಿಗೆ ಯಾರೂ ಬರಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೇ ಹೊತ್ತು.

ಮೊದಲ ದಿನ ಪಾಠ ಬೇಡ, ಫೋನ್ ಹದ ಮಾಡಿ. ಅಕ್ಷರದ ಗಾತ್ರ, ಡಿಸ್‌ಪ್ಲೇ ಗಾತ್ರ ಎರಡೂ ದೊಡ್ಡದು. ಭಾಷೆ ಕನ್ನಡ. ಗೂಗಲ್ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್. ಮುಖ್ಯವಾದದ್ದು ಆಕ್ಸೆಸಿಬಿಲಿಟಿಯಲ್ಲಿ 'ಸ್ಪರ್ಶಿಸಿ ಹಿಡಿಯುವ ವಿಳಂಬ', ಅದನ್ನು ದೀರ್ಘ ಮಾಡಿ. ತೋಟದ ಕೆಲಸ ಮಾಡಿದ ಬೆರಳು ಒಣಗಿ ದಪ್ಪಗಿರುತ್ತೆ. ಒತ್ತಿದ್ದು ತಾಗಿಲ್ಲ ಅಂತ ಅವರು ಇನ್ನೂ ಬಲವಾಗಿ ಒತ್ತಿ ಹಿಡೀತಾರೆ. ಫೋನ್ ಅದನ್ನು ಬೇರೆ ಆಜ್ಞೆ ಅಂತ ತಿಳಿದು ಐಕಾನ್ ಜಾಗ ಬಿಟ್ಟು ಓಡುತ್ತೆ, 'ನಂಗೆ ಇದು ಬರಲ್ಲ ಬಿಡಿ' ಅಂತ ಅಲ್ಲಿಗೇ ನಿಲ್ಲಿಸಿಬಿಡ್ತಾರೆ. ತಪ್ಪು ಅವರದ್ದಲ್ಲ.

ಆಮೇಲೆ ಒಬ್ಬರಿಗೆ ಒಂದೇ ಕೆಲಸ, ಅವರಿಗೆ ಬೇಕಾದದ್ದು: ಪಹಣಿ ನೋಡೋದು, ಮೆಸ್ಕಾಂ ಬಿಲ್ಲು, ಮೊಮ್ಮಗಳಿಗೆ ವಿಡಿಯೋ ಕಾಲ್. ಕೇಂದ್ರ ಸರ್ಕಾರದ ಅಥವಾ ಇಪಿಎಫ್‌ಒ (ಭವಿಷ್ಯ ನಿಧಿ) ಪಿಂಚಣಿ ಇರುವವರಿಗೆ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇವೆ ಅನ್ನೋ ಡಿಜಿಟಲ್ ಪ್ರಮಾಣಪತ್ರ, ಬಹಳ ಉಪಯೋಗ. ಬೆರಳಚ್ಚು ಸವೆದು ಮೆಷಿನ್ ಒಪ್ಪದವರು ಈಗ ಮುಖ ತೋರಿಸಿ ಮಾಡಬಹುದು. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎರಡೂ ಆ್ಯಪ್ ಬೇಕು. ಮೊದಲು ಸಹಾಯ ಮಾಡುವವರು ಆಪರೇಟರ್ ಆಗಿ ಒಮ್ಮೆ ನೋಂದಣಿ ಆಗಬೇಕು, ಆಮೇಲೆ ಅದೇ ಫೋನ್‌ನಲ್ಲಿ ಬೇರೆಯವರದ್ದೂ ಮಾಡಬಹುದು. ಪಿಪಿಒ (ಪಿಂಚಣಿ ಆದೇಶ) ನಂಬರ್ ಇರುವ ಪುಸ್ತಕ ತರಲು ಹೇಳಿ. ನಡುಮನೆಯ ಕತ್ತಲಲ್ಲಿ ಸ್ಕ್ಯಾನ್ ಆಗಲ್ಲ. ಜಗುಲಿಗೆ ಬಂದು ಅಂಗಳದ ಕಡೆ ಮುಖ ಮಾಡಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಮಾಡಿಸಬಹುದು, ಉಳಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ನವೆಂಬರ್‌ನಲ್ಲಿ.

ಮೋಸದ ಬಗ್ಗೆ ಹೆದರಿಸಬೇಡಿ, ಹೆದರಿದವರು ಕಲಿಯಲ್ಲ. ಮೂರು ಮಾತು ಬಾಯಿಪಾಠ ಆಗಲಿ. ದುಡ್ಡು ಬರಬೇಕಾದರೆ ಯುಪಿಐ ಪಿನ್ ಬೇಡ. ವಾಟ್ಸಾಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಹಾಕಿಸುವ ಫೈಲ್), ಮದುವೆ ಕಾಗದ ಅಂದರೂ ಒತ್ತಬೇಡ. ದುಡ್ಡು ಹೋಯಿತು ಅಂದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್.

ಶರಾವತಿ_ಓದುಗ

ಮೂವರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ: ಇದರಲ್ಲಿ ಸುಮಾರು ಕೆಲಸಕ್ಕೆ ಓಟಿಪಿ ಬೇಕಲ್ಲ? ವೈಫೈ ಇದ್ದರೂ ಓಟಿಪಿಗೆ ಗುಡ್ಡ ಹತ್ತಬೇಕು.

ಕಂಬ_ತಂತಿ

ಜಿಯೊ, ಏರ್‌ಟೆಲ್ ಸಿಮ್ ಆಗಿದ್ದು, ಫೋನ್‌ನಲ್ಲಿ ಸೌಲಭ್ಯ ಇದ್ದರೆ ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಯಾವ ಕಂಪನಿಯ ಫೈಬರ್ ಆದರೂ ನಡೆಯುತ್ತೆ. ಕರೆಯೂ ಓಟಿಪಿಯೂ ಅದರ ಮೂಲಕವೇ ಬರುತ್ತೆ. ಮೇಲೆ ವೈಫೈ ಕಾಲಿಂಗ್ ಗುರುತು ಕಾಣೋವರೆಗೆ ಒಂದೆರಡು ನಿಮಿಷ ಕಾಯಿರಿ. ಕಾಣದಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ ನೋಡಿ.

ಯುಪಿಐ ಮೊದಲ ನೋಂದಣಿ ಮಾತ್ರ ಬೇರೆ. ಅಲ್ಲಿ ಫೋನೇ ಒಂದು ಎಸ್‌ಎಂಎಸ್ ಹೊರಗೆ ಕಳಿಸಬೇಕು, ವೈಫೈ ಮೇಲೆ ಅದು ಎಷ್ಟೋ ಸಲ ಕೈಕೊಡುತ್ತೆ. ನಾಲ್ಕೈದು ಜನರನ್ನು ಒಟ್ಟಿಗೆ ಸಿಗ್ನಲ್ ಇರುವ ಪೇಟೆಗೆ ಸಂತೆ ದಿನ ಕರೆದುಕೊಂಡು ಹೋಗಿ ಅದೊಂದನ್ನು ಮುಗಿಸಿ ಬನ್ನಿ. ಸಿಮ್‌ನಲ್ಲಿ ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ನೋಂದಣಿ ಆದ ಮೇಲೆ ದುಡ್ಡು ಕಳಿಸೋಕೆ ಲೈಬ್ರರಿಯ ವೈಫೈ ಸಾಕು.