ರೈಜೋಮ್‌ಗೆ ಕನ್ನಡ ಪದ ಬೇಕು (ಅಕ್ವೇರಿಯಂ ಗಿಡದ ಚೀಟಿಗೆ, ತುರ್ತು)

ನಮಸ್ಕಾರ. ಅನೂಬಿಯಾಸ್, ಜಾವಾ ಫರ್ನ್ ಗಿಡಗಳ ಪುಟ್ಟ ಕುಂಡಕ್ಕೆ ಸಿಕ್ಕಿಸುವ ಚೀಟಿ. ಜಾಗ ಎರಡು ಬೆರಳಗಲ, ಮುಖ್ಯ ಸಾಲು ಒಂದೇ: ರೈಜೋಮ್ (ಎಲೆಗೂ ಬೇರಿಗೂ ನಡುವೆ ಅಡ್ಡಕ್ಕೆ ಬೆಳೆಯುವ ದಪ್ಪ ಕಾಂಡ) ಹೂಳಬೇಡಿ. ಪಠ್ಯಪುಸ್ತಕದ 'ಗುಪ್ತಕಾಂಡ' ಹಾಕಿದರೆ 'ಗುಪ್ತಕಾಂಡವನ್ನು ಮುಚ್ಚಬೇಡಿ' ಎಂದಾಗಿ ನಗೆಪಾಟಲು. 'ಗೆಡ್ಡೆ' ಇನ್ನೂ ಅಪಾಯ. ಗೆಡ್ಡೆ ಅಂದ ಕೂಡಲೇ ಕೈ ಮಣ್ಣು ಕೆದಕುತ್ತದೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

—

ಅಡ್ಡದಂಟು. 'ಕಾಂಡ' ಕನ್ನಡವಲ್ಲ. ಇದಕ್ಕೆ ಚರ್ಚೆ ಯಾಕೆ?

—

> ಅಡ್ಡದಂಟು

ಆಗದು. ರೋಟಾಲಾ, ಲುಡ್ವಿಜಿಯಾಗಳನ್ನು ಅಂಗಡಿಯಲ್ಲಿ ಮಾರುವುದೇ ದಂಟಿನ ಗಿಡ ಎಂದು. ಅವುಗಳ ಕೆಳಗಿನ ಎಲೆ ಚಿವುಟಿ, ಎರಡು ಗೆಣ್ಣು ಒಳಗೆ ಹೋಗುವಂತೆ ಚಿಮಟದಲ್ಲಿ 3–4 ಸೆಂ.ಮೀ. ಆಳಕ್ಕೆ ನೆಡಬೇಕು. ಒಂದು ದಂಟನ್ನು ಹೂಳಿ, ಇನ್ನೊಂದನ್ನು ಹೂಳಬೇಡಿ ಅಂದರೆ ಕೊಳ್ಳುವವರು ಏನು ಮಾಡಬೇಕು?

ನನ್ನ ಮತ 'ಕೊಂಬು'. ಅನೂಬಿಯಾಸನ್ನು ಕೈಯಲ್ಲಿ ಹಿಡಿದು ನೋಡಿ: ಬೆರಳಿನಂತೆ ಅಡ್ಡಕ್ಕೆ ಬೆಳೆದ ಹಸಿರು ತುಂಡು, ಮೈಮೇಲೆ ಉದುರಿದ ಎಲೆಗಳ ಬಳೆಗುರುತು, ಮೇಲಕ್ಕೆ ಎಲೆ, ಕೆಳಕ್ಕೆ ಬೇರು. ಥೇಟ್ ಅರಿಶಿನದ ಕೊಂಬು. ಶುಂಠಿಗೆ ಸಂಸ್ಕೃತದಲ್ಲಿರುವ 'ಶೃಂಗವೇರ'ವನ್ನು ಕೊಂಬಿನಂಥ ಮೈಯದು ಎಂದು ಬಿಡಿಸುತ್ತಾರಾದರೂ ಅದರ ಮೂಲ ದ್ರಾವಿಡದ ಇಂಜಿ-ವೇರ್. ಆ 'ವೇರ್' ನಮ್ಮ 'ಬೇರು'. ಅದೇ ಗ್ರೀಕಿಗೆ ಹೋಗಿ ಜಿಂಗಿಬೆರಿಸ್, ಇಂಗ್ಲಿಷಿನಲ್ಲಿ ಜಿಂಜರ್. ಹೋದ ಪದಕ್ಕೆ ಲೆಕ್ಕವಿಲ್ಲ, ಬಂದ ಪದಕ್ಕೆ ಮಾತ್ರ ಗಲಾಟೆ!

—

ಶುಂಠಿ ಪುರಾಣ ಸಾಕು ಸ್ವಾಮಿ. ಶೃಂಗ ಎನ್ನುವುದೇ ತಪ್ಪು ಬಿಡಿಸಿಕೆ ಎಂದು ನೀವೇ ಹೇಳಿದಿರಿ, ಅದರ ಮೇಲೆ ಕೊಂಬು ಕಟ್ಟುತ್ತಿದ್ದೀರಿ. 'ರೈಜೋಮ್' ಅಂತಲೇ ಬರೆಯಿರಿ. ಗ್ರೀಕಿನಲ್ಲಿ ಅದಕ್ಕೆ ಬೇರಿನ ಮೊತ್ತ ಎಂದರ್ಥ. ವಸ್ತು ಬೇರಲ್ಲ, ಕಾಂಡ. ಅವರ ತಪ್ಪನ್ನು ನಾವ್ಯಾಕೆ ತಿದ್ದಬೇಕು?

—

ಅರಿಶಿನದ ಕೊಂಬು ಅಂದವರು ಸಂಸ್ಕೃತ ನೋಡಿ ಅನ್ನಲಿಲ್ಲ. ಕೊಂಬು, ಕೊಂಬೆ ಒಂದೇ ಬುಡದವು.

—

ಪದ ಯಾವುದಾದರೂ ಇರಲಿ, ಹೂತರೆ ಏನಾಗುತ್ತದೆ ಎನ್ನುವುದೂ ಚೀಟಿಯಲ್ಲಿರಲಿ. ಮರಳಡಿ ಸಿಕ್ಕ ಕೊಂಬು ಕೆಲವು ವಾರಗಳಲ್ಲಿ ಕಂದಾಗಿ ಮೆತ್ತಗಾಗುತ್ತದೆ. ಎಲೆ ಹಸಿರಿರುವಾಗಲೇ ಬುಡದಲ್ಲಿ ಕಳಚಿ ತೇಲುತ್ತದೆ. ಹಿಚುಕಿದರೆ ಕೊಳೆತ ವಾಸನೆ. ಗಟ್ಟಿ ಭಾಗ ಸಿಗುವವರೆಗೆ ಹರಿತವಾದ ಬ್ಲೇಡಿನಲ್ಲಿ ಕತ್ತರಿಸಿ, ತುಂಡಿಗೆ 3–4 ಎಲೆಯಾದರೂ ಉಳಿಸಿಕೊಂಡರೆ ಗಿಡ ಬದುಕೀತು.

'ಕಟ್ಟಿ' ಎಂದಷ್ಟೇ ಬರೆಯಬೇಡಿ. ಹತ್ತಿದಾರ ಕೆಲವೇ ವಾರಗಳಲ್ಲಿ ಕರಗುತ್ತದೆ, ಅನೂಬಿಯಾಸ್ ಬೇರು ಅಷ್ಟರಲ್ಲಿ ಕಲ್ಲನ್ನು ಹಿಡಿದಿರುವುದಿಲ್ಲ. ನೈಲಾನ್ ದಾರ ಎನ್ನಿ. ಇಲ್ಲವೇ ಜೆಲ್ ಸೂಪರ್ ಗ್ಲೂ: ಕಲ್ಲನ್ನು ಒರೆಸಿ, ಒಂದು ಚುಕ್ಕೆ ಹಾಕಿ, ಬೇರನ್ನು ಒತ್ತಿ 20 ಸೆಕೆಂಡು ಹಿಡಿಯುವುದು. ನೀರಿಗಿಳಿದ ಮೇಲೆ ಅಂಟು ಬೆಳ್ಳಗಾಗುತ್ತದೆ, ಅದು ಬೂಷ್ಟಲ್ಲ.

—

ಉಪಯೋಗವಾಯಿತು. ಎರಡನೆಯ ಸಾಲು: 'ಎಲೆಗೆ ಪಾಚಿ ಕಟ್ಟಿದರೆ ಬೆಳಕನ್ನು ದಿನಕ್ಕೆ 6 ಗಂಟೆಗೆ ಇಳಿಸಿ.' ಸರಿಯೇ?

—

ಪಕ್ಕದ ಡಬ್ಬಿಯಲ್ಲೇ ಜಾವಾ ಮಾಸ್ ಇರುತ್ತದಲ್ಲ, ಅದನ್ನೂ ಜನ ಪಾಚಿ ಅನ್ನುತ್ತಾರೆ. ದುಡ್ಡು ಕೊಟ್ಟು ತಂದ ಪಾಚಿಯನ್ನು ಉಜ್ಜಿ ತೆಗೆದಾರು. ಮಾಸ್‌ಗೆ ಹಾವಸೆ, ಗಾಜಿಗೂ ಎಲೆಗೂ ಕಟ್ಟುವ ಆಲ್ಗೆಗೆ ಪಾಚಿ, ಹೀಗೆ ಬೇರೆ ಮಾಡಿ.

—

ಶೈವಲ ಎನ್ನಿ. ಪಠ್ಯದಲ್ಲಿದೆ.

—

ಗಾಜು ಉಜ್ಜುವವರು ಯಾರೂ ಶೈವಲ ಉಜ್ಜುವುದಿಲ್ಲ.

—

ಹೀಗೆ ಅಚ್ಚಿಗೆ ಕಳಿಸುತ್ತಿದ್ದೇನೆ: 'ಎಲೆ-ಬೇರಿನ ನಡುವಿನ ದಪ್ಪ ಕೊಂಬು ಮರಳಿನ ಮೇಲೇ ಇರಲಿ. ಹೂತರೆ ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ನೈಲಾನ್ ದಾರದಿಂದ ಕಟ್ಟಿ.' ಎಲ್ಲರಿಗೂ ವಂದನೆ.

—

2–3 ಮಿ.ಮೀ. ಕಾಳಿನದಾದರೆ ಅದು ಮರಳಲ್ಲ, ನೊರಜುಗಲ್ಲು.